ಜಗುಲಿ ಗೂಡಿನ ಲೋಟ

ನನಗೆ ಕೋಪ ಬೇಗ ಬರುತ್ತದೆ. ಇದನ್ನು ಮೊದಲೇ ಹೇಳಿಬಿಟ್ಟರೆ ಒಳ್ಳೆಯದು. ನಮ್ಮಮ್ಮ ದಾಸಮ್ಮ ನನ್ನ ಬಾಯಿಗೆ ಹೆದರಿಯೇ ನನ್ನನ್ನು ನರ್ಸಿಂಗ್ ಓದಿಸಿದ್ದಂತೆ. ಕಾಯಿಲೆಯವರಾದರೆ ತಿರುಗಿಬಿದ್ದು ಮಾತಾಡುವುದಿಲ್ಲ ಎಂಬ ಧೈರ್ಯ ಅವಳಿಗೆ. ಪಾಪ, ಅವಳಿಗೆ ಮಧುಗಿರಿಯ ಕಾಯಿಲೆಯವರು ಗೊತ್ತಿರಲಿಲ್ಲ.

ನಾನು ವನಜಾಕ್ಷಿ. ಮಧುಗಿರಿ ಪಟ್ಟಣದ ಸರ್ಕಾರಿ ಆರೋಗ್ಯ ಕೇಂದ್ರದಲ್ಲಿ ಕೆಲಸ. ಕಳೆದ ವರ್ಷ ಬೇಸಿಗೆಯಲ್ಲಿ ನಮ್ಮ ಡಾಕ್ಟರ್ ರೇಣುಕಪ್ರಸಾದ್ ನನ್ನ ಮೇಜಿನ ಮೇಲೆ ಒಂದು ಚಿತ್ರಪಟದ ಕಟ್ಟನ್ನೂ ನಲವತ್ತು ಪ್ರಶ್ನೆಗಳ ಫಾರಂಗಳ ರಾಶಿಯನ್ನೂ ತಂದಿಟ್ಟರು. ಪಟ್ಟಣದ ಜನಕ್ಕೆ ತಮ್ಮ ಮನೆಯ ಅಕ್ಕಪಕ್ಕದಲ್ಲೇ ಇರುವ ಆರೋಗ್ಯದ ಅಪಾಯಗಳನ್ನು ತಿಳಿಸಿಕೊಡಬೇಕು, ಮನೆಮನೆಗೆ ಹೋಗಿ ಫಾರಂ ತುಂಬಬೇಕು. ಆ ಫಾರಂ ಬರೆದವರು ಯಾವ ಊರಿನವರೋ, ‘ನಿಮ್ಮ ಮನೆಯ ಹತ್ತಿರ ವಿಮಾನ ನಿಲ್ದಾಣ ಇದೆಯೇ’ ಎಂದೂ ಕೇಳಿದ್ದರು. ಮಧುಗಿರಿ ಬೆಟ್ಟದ ಬುಡದಲ್ಲಿ ನಿಂತು ಇದನ್ನು ಕೇಳಿದರೆ ಜನ ನನ್ನನ್ನು ಮೇಲಿಂದ ಕೆಳಗೆ ನೋಡದೆ ಇನ್ನೇನು ಮಾಡುತ್ತಾರೆ?

ನನ್ನ ಪಾಲಿಗೆ ಬಂದದ್ದು ಗಾಣದ ಬೀದಿ. ಅಲ್ಲಿ ಗಾಣ ಈಗ ಇಲ್ಲ, ಹಳೆಯ ಕಾಲದಿಂದ ಇರುವ ಶೈವ ಮನೆತನಗಳು ಇವೆ. ಬೀದಿಗೆಲ್ಲ ಹಿರಿಯಳು ಇಂದ್ರಮ್ಮ. ಯಾರ ಮನೆಯಲ್ಲಿ ಏನು ಅಡುಗೆಯಾಗಬೇಕು, ಯಾರ ಮಗಳನ್ನು ಎಲ್ಲಿಗೆ ಕೊಡಬೇಕು ಎನ್ನುವುದೆಲ್ಲ ಅವಳ ಜಗುಲಿಯಲ್ಲೇ ತೀರ್ಮಾನ. ಗಂಡ ರೇಣುಕಯ್ಯನವರು ದಿನಸಿ ಅಂಗಡಿಯಲ್ಲಿ ಕೂತು ಇಡೀ ಪೇಟೆಗೆ ಜೋರು ಮಾಡುತ್ತಿದ್ದರು. ಮನೆಗೆ ಬಂದರೆ ಅವರ ಸದ್ದೇ ಇಲ್ಲ.

ಮೊದಲ ದಿನವೇ ಇಂದ್ರಮ್ಮ ನನ್ನನ್ನು ವಿಚಾರಿಸಿಕೊಂಡಳು.

“ಯಾವೂರಮ್ಮ ನಿಂದು?”

“ಶಿರಾ ತಾಲ್ಲೂಕು, ತಾವರೆಕೆರೆ.”

“ಊರೊಳಗಾ?”

“ಅಲ್ಲ, ಕಾಲೋನಿ.”

ಅಷ್ಟೇ ಸಾಕಾಯಿತು. ಮುಖದಲ್ಲಿ ಏನೂ ತೋರಿಸಲಿಲ್ಲ, ನಗುನಗುತ್ತಲೇ ಇದ್ದಳು. ಎರಡನೆಯ ಸಲ ಹೋದಾಗ ಜಗುಲಿಯ ಗೋಡೆಯ ಗೂಡಿನಲ್ಲಿ ಒಂದು ಹೊಸ ಸ್ಟೀಲ್ ಲೋಟ ಬೋರಲು ಹಾಕಿತ್ತು. ನೀರು ಕೇಳಿದರೆ ಅದನ್ನು ನಾನೇ ತೆಗೆದುಕೊಳ್ಳಬೇಕು, ಅವಳು ಮೇಲಿನಿಂದ ಹುಯ್ಯುತ್ತಾಳೆ. ಕುಡಿದಾದ ಮೇಲೆ ಬೀದಿ ನಲ್ಲಿಯಲ್ಲಿ ನಾನೇ ತೊಳೆದು, ಮತ್ತೆ ಅದೇ ಗೂಡಿನಲ್ಲಿ ಬೋರಲು ಹಾಕಬೇಕು. ಯಾರೂ ಹೀಗೆ ಮಾಡು ಎಂದು ಹೇಳಲಿಲ್ಲ. ಹೇಳುವ ಅಗತ್ಯ ಇರಲಿಲ್ಲ.

ಮೈಯೆಲ್ಲ ಉರಿದುಹೋಯಿತು. ಬೇರೆ ಮನೆಯಾಗಿದ್ದರೆ ಆ ಲೋಟವನ್ನು ಬೀದಿಗೆ ಎಸೆದು, ನಾಲ್ಕು ಮಾತು ಅಂದು, ಠಾಣೆಗೆ ಹೋಗಿ ದೂರು ಕೊಟ್ಟು ಬರುತ್ತಿದ್ದೆ. ಆದರೆ ಆ ಮನೆಯಲ್ಲಿ ಒಂದು ಮಗು ಇತ್ತು.

ಇಂದ್ರಮ್ಮನ ಮೊಮ್ಮಗಳು, ನಾಲ್ಕು ವರ್ಷದ ಮಧುಶ್ರೀ. ನಾನು ಮೊದಲ ಸಲ ನೋಡಿದಾಗ ಅಮ್ಮನ ತೊಡೆಯ ಮೇಲೆ ಒದ್ದೆ ಬಟ್ಟೆಯ ಹಾಗೆ ಬಿದ್ದುಕೊಂಡಿತ್ತು. ಕಣ್ಣಿನ ಒಳರೆಪ್ಪೆ ಬಿಳುಚಿಕೊಂಡಿತ್ತು. ಆಗಾಗ ಹೊಟ್ಟೆ ಹಿಡಿದುಕೊಂಡು ಮುದುರಿಕೊಳ್ಳುತ್ತಿತ್ತು. ಅಂಗನವಾಡಿಯಲ್ಲಿ ಕಲಿತ ಹಾಡು ಮರೆತುಹೋಗಿದೆ, ಆಟ ಬೇಡ ಅನ್ನುತ್ತದೆ ಎಂದು ಅದರ ಅಮ್ಮ ಲೋಹಿತಾ ಕಣ್ಣೀರು ಹಾಕಿದಳು. ಇಂಥ ಮಗುವನ್ನು ಬಿಟ್ಟು ಲೋಟಕ್ಕಾಗಿ ಜಗಳವಾಡಿದರೆ ಆ ಬಾಗಿಲು ನನಗೆ ಮುಚ್ಚಿಕೊಳ್ಳುತ್ತದೆ, ಮಗು ಒಳಗೇ ಉಳಿದುಹೋಗುತ್ತದೆ. ಜಗಳವನ್ನು ಬಾಕಿ ಇಟ್ಟುಕೊಂಡು ಆ ಲೋಟದಲ್ಲೇ ನೀರು ಕುಡಿದೆ.

“ದೃಷ್ಟಿ ತಾಗೈತೆ ಅಷ್ಟೆ ಕಣಮ್ಮ, ನಿವಾಳಿಸಿ ಹಾಕಿದ್ರೆ ಸರಿಹೋಯ್ತದೆ,” ಎಂದಳು ಇಂದ್ರಮ್ಮ.

“ನಿವಾಳಿಸಿ ಅಮ್ಮಾ, ಬೇಡ ಅನ್ನಲ್ಲ. ಜೊತೆಗೆ ರಕ್ತಾನೂ ಕೊಡಿ,” ಎಂದೆ.

ರಕ್ತ ಬೆಂಗಳೂರಿನ ಲ್ಯಾಬಿಗೆ ಹೋಗಿ ಬಂತು. ಡಾಕ್ಟರ್ ವರದಿಯನ್ನು ಎರಡು ಸಲ ಓದಿ ಕನ್ನಡಕ ತೆಗೆದರು. ಮಗುವಿನ ರಕ್ತದಲ್ಲಿ ಸೀಸ ಇದೆ ಎಂದರು. ಐದು ದಾಟಿದರೇ ಎಚ್ಚರವಾಗಬೇಕಾದ ಕಡೆ ನಲವತ್ತೊಂದು ಬಂದಿತ್ತು. ನಲವತ್ತೈದು ದಾಟಿದರೆ ದೊಡ್ಡಾಸ್ಪತ್ರೆಗೆ ಸೇರಿಸಿ ಮದ್ದು ಏರಿಸಬೇಕು.

“ಮದ್ದು ಏನೋ ಕೊಡಬಹುದು ವನಜಾಕ್ಷಿ, ಆದರೆ ಸೀಸ ಎಲ್ಲಿಂದ ಬರ್ತಿದೆ ಅಂತ ಸಿಗದೇ ಇದ್ದರೆ ಒಂದು ಕಡೆಯಿಂದ ತೆಗೆದು ಇನ್ನೊಂದು ಕಡೆಯಿಂದ ತುಂಬಿದ ಹಾಗೆ. ಈ ವಯಸ್ಸಿನಲ್ಲಿ ಅದು ಮೆದುಳಿಗೆ ಕೈ ಹಾಕುತ್ತೆ. ತಿಂಗಳೊಳಗೆ ಹುಡುಕಬೇಕು.”

ಹುಡುಕಿದೆ. ಬೋರ್‌ವೆಲ್ ನೀರು ಕಳಿಸಿದೆ, ಏನೂ ಇಲ್ಲ. ಬಾಗಿಲಿನ ಹಳೆಯ ಬಣ್ಣ ಕೆರೆದು ಕಳಿಸಿದೆ, ಅರಿಶಿನ, ಕಣ್ಕಪ್ಪು, ಆಟದ ಸಾಮಾನು, ಒಂದನ್ನೂ ಬಿಡಲಿಲ್ಲ. ಕೊನೆಗೆ ದೇವರ ಮನೆಯ ವಿಭೂತಿಯನ್ನೂ ಚೂರು ಕೇಳಿದೆ. ಅವತ್ತು ಇಂದ್ರಮ್ಮನ ಕಣ್ಣು ನೋಡಬೇಕಿತ್ತು.

“ವಿಭೂತಿಗೂ ಟೆಸ್ಟಾ? ನಮ್ಮ ಮುತ್ತಾತನ ಕಾಲದಿಂದ ಹಣೆಗೆ ಹಚ್ಕಂಡವರೆಲ್ಲ ಸತ್ತೋದ್ರಾ?”

“ಹಣೆಗೆ ಹಚ್ಚೋದಕ್ಕೆ ನಾನೇನೂ ಅಂದಿಲ್ಲ ಅಮ್ಮಾ. ಮಗು ಬಾಯಿಗೆ ಹಾಕ್ಕೊಂಡ್ರೆ ಅಂತ ಅಷ್ಟೆ.”

ರೇಣುಕಯ್ಯನವರು ಸದ್ದಿಲ್ಲದೆ ಒಂದು ಚೂರು ಕಾಗದದಲ್ಲಿ ಸುತ್ತಿ ತಂದುಕೊಟ್ಟರು. ವಿಭೂತಿ ಪಾಸಾಯಿತು. ಅರಿಶಿನವೂ ಕಣ್ಕಪ್ಪೂ ಪಾಸಾದವು. ಎಲ್ಲ ಪಾಸಾಗಿ, ಫೇಲಾಗಿ ನಿಂತವಳು ನಾನೊಬ್ಬಳೇ.

ನಡುವೆ ಲೋಹಿತಾ ಮಗುವನ್ನು ಕರೆದುಕೊಂಡು ತವರುಮನೆ ಕಳ್ಳಂಬೆಳ್ಳಕ್ಕೆ ಹೋದಳು. ಹದಿನೈದು ದಿನ ಅಲ್ಲಿದ್ದು ಬಂದಾಗ ಮಗು ಎರಡು ತುತ್ತು ಹೆಚ್ಚಿಗೆ ತಿನ್ನುತ್ತಿತ್ತು, ಕೋಳಿಯ ಹಿಂದೆ ಓಡಿತಂತೆ. ಇಲ್ಲಿಗೆ ಬಂದು ವಾರ ಕಳೆದಿಲ್ಲ, ಮತ್ತೆ ಹೊಟ್ಟೆ ಹಿಡಿದುಕೊಂಡಿತು. ಲೋಹಿತಾ ನನ್ನನ್ನು ಬೀದಿಯ ತಿರುವಿನವರೆಗೆ ಬಂದು ಹಿಡಿದಳು.

“ಸಿಸ್ಟರ್, ಈ ಮನೇಲೇ ಏನೋ ಐತೆ. ನಾನು ಮಗು ಎತ್ಕೊಂಡು ಹೊಂಟೋಗ್ಬುಡ್ತೀನಿ. ಅತ್ತೆ ಏನಾದ್ರೂ ಅಂದ್ಕೊಳ್ಳಿ.”

ಈ ಮಾತು ಇಂದ್ರಮ್ಮನ ಕಿವಿಗೂ ಬಿತ್ತು. ಅವಳು ಸೊಸೆಯನ್ನು ಬಿಟ್ಟು ನನ್ನ ಮೇಲೆ ತಿರುಗಿದಳು. “ನೀನು ಬರೋಕ್ ಮುಂಚೆ ನನ್ನ ಮನೇಲಿ ಎಲ್ಲ ಚೆಂದಾಗಿತ್ತು. ಈ ಬೀದೀಲಿ ನನ್ನ ಮನೆಗಿಂತ ಚೊಕ್ಕಟವಾದ ಮನೆ ಯಾವ್ದೈತೆ ತೋರ್ಸು. ಮೊಮ್ಮಗೂನ ನನ್ನಿಂದ ಕಿತ್ಕೊಂಡೋಗಕ್ಕೆ ಬಂದಿದೀಯ ನೀನು!”

ಅವಳ ಕಂಠ ಒಡೆದುಹೋಗಿತ್ತು. ನನಗೆ ಅವತ್ತು ಮಾತ್ರ ಕೋಪ ಬರಲಿಲ್ಲ, ಹೆದರಿಕೆಯಾಯಿತು. ತಿಂಗಳಲ್ಲಿ ಇನ್ನು ಆರು ದಿನ ಉಳಿದಿತ್ತು.

ಅದು ಶ್ರಾವಣದ ಸೋಮವಾರ. ಹಬ್ಬದ ಅಡುಗೆಗೆಂದು ಪಾತ್ರೆಗಳನ್ನೆಲ್ಲ ಬೆಳಗಿ, ಜಗುಲಿಯ ಮೇಲೆ ಚಾಪೆ ಹಾಸಿ ಬಿಸಿಲಿಗೆ ಒಣಗಿಸಿದ್ದರು. ಹಿತ್ತಾಳೆ ಬಿಂದಿಗೆ, ತಂಬಿಗೆ, ಕೊಳಗ, ಸ್ಟೀಲಿನ ತಟ್ಟೆ ಲೋಟಗಳು. ಕಣ್ಣು ಕೋರೈಸುವ ಹೊಳಪು. ನಾನು ನೀರು ಕುಡಿದು, ನಲ್ಲಿಯಲ್ಲಿ ಲೋಟ ತೊಳೆದುಕೊಂಡು ಬಂದೆ. ಗೂಡಿನ ತನಕ ಕೈ ಚಾಚಲು ಪಾತ್ರೆಗಳು ಅಡ್ಡ ಇದ್ದವು, ಒಂದು ಗಳಿಗೆ ಲೋಟವನ್ನು ಚಾಪೆಯ ಅಂಚಿಗೆ ಇಟ್ಟೆ.

ಪಕ್ಕದಲ್ಲಿ ಅದೇ ಅಂಗಡಿಯ, ಅದೇ ಅಳತೆಯ ಇನ್ನೊಂದು ಸ್ಟೀಲ್ ಲೋಟ ಇತ್ತು. ಅದು ಕನ್ನಡಿಯ ಹಾಗಿತ್ತು. ನನ್ನದು ಬರೀ ನೀರಿನಲ್ಲಿ ಅಲ್ಲಾಡಿಸಿ ಇಟ್ಟು ಇಟ್ಟು ಮಂಕಾಗಿ, ಉಪ್ಪುನೀರಿನ ಕಲೆ ಕಟ್ಟಿಕೊಂಡಿತ್ತು. ಮೊದಲು ಬಂದದ್ದು ಮಾಮೂಲಿ ಸಂಕಟ. ಆಮೇಲೆ ಆ ಸಂಕಟವನ್ನು ತಳ್ಳಿಕೊಂಡು ಇನ್ನೊಂದು ಯೋಚನೆ ಬಂತು. ಸ್ಟೀಲು ಅಷ್ಟು ಹೊಳೆಯುವುದು ಹೇಗೆ?

“ಅಮ್ಮಾ, ಏನ್ ಹಾಕಿ ಉಜ್ಜುತ್ತೀರ ಇವನ್ನ?”

ಸಿಟ್ಟಿನಲ್ಲಿದ್ದರೂ ಈ ಪ್ರಶ್ನೆಗೆ ಇಂದ್ರಮ್ಮನ ಮುಖ ಅರಳಿತು. “ಬೂದಿ ಕಣಮ್ಮ. ನೀನೇ ಅವತ್ತು ಪಟ ತೋರ್ಸಿ ಹೇಳ್ಲಿಲ್ವಾ, ಸೋಪಿಗಿಂತ ಬೂದಿನೇ ಒಳ್ಳೇದು ಅಂತ?”

ಹೇಳಿದ್ದೆ. ಫಾರಂನ ಇಪ್ಪತ್ತಮೂರನೆಯ ಪ್ರಶ್ನೆಗೆ ಅವಳು ‘ಬೂದಿ’ ಎಂದಾಗ ‘ಸುರಕ್ಷಿತ’ ಎಂದು ಗುರುತು ಹಾಕಿದ ಕೈಯೂ ನನ್ನದೇ. ನಮ್ಮಮ್ಮ ಜೀವಮಾನವೆಲ್ಲ ಒಲೆಯ ಬೂದಿಯಲ್ಲೇ ಪಾತ್ರೆ ತಿಕ್ಕಿದವಳು, ಅದರಲ್ಲಿ ಕೇಳುವುದೇನಿದೆ ಎಂದುಕೊಂಡಿದ್ದೆ. ಈಗ ನೋಡಿದರೆ ಇಂದ್ರಮ್ಮನ ಮನೆಯಲ್ಲಿ ಸೌದೆ ಒಲೆಯೇ ಇಲ್ಲ. ಎರಡು ಗ್ಯಾಸ್ ಸಿಲಿಂಡರ್ ಜಗುಲಿಯ ಮೂಲೆಯಲ್ಲೇ ನಿಂತಿದ್ದವು, ನಾನು ದಿನಾ ಅವುಗಳ ಪಕ್ಕದಲ್ಲೇ ಕೂರುತ್ತಿದ್ದೆ.

“ಬೂದಿ ಎಲ್ಲಿಂದ ಬರುತ್ತೆ ಅಮ್ಮಾ ನಿಮಗೆ?”

“ನಮ್ಮ ತಮ್ಮ ಗೌರೀಶ ಇಲ್ವಾ, ಬ್ಯಾಟ್ರಿ ಅಂಗ್ಡಿ ಇಟ್ಟವ್ನಲ್ಲ, ಅವನ ಭಟ್ಟಿದು. ಕೊರಟಗೆರೆ ರಸ್ತೇಲಿ ಶೆಡ್ ಹಾಕ್ಕಂಡು ಹಳೇ ಬ್ಯಾಟ್ರಿ ಒಡ್ದು ಕಾಯಿಸ್ತಾನೆ. ಬೂದಿನೆಲ್ಲ ಹಳ್ಳಕ್ಕೆ ಸುರೀತಿದ್ದ. ಇಷ್ಟು ನುಣ್ಣಗಿರೋದ್ನ ಯಾಕೋ ಹಾಳ್ಮಾಡ್ತೀಯ ಅಂತ ನಾನೇ ಮೂಟೆ ತರಿಸ್ಕಂಡು, ಜರಡಿ ಹಿಡ್ದು, ಬೀದಿಯೋರಿಗೆಲ್ಲ ಹಂಚಿದೀನಿ. ಒಂದು ವರ್ಷ ಆಯ್ತು. ಯಾರ ಮನೇಲಿ ಬೇಕಾದ್ರೂ ನೋಡು, ಪಾತ್ರೆ ಹೆಂಗೆ ಪಳಪಳ ಅಂತವೆ!”

ಬ್ಯಾಟರಿಯೊಳಗೆ ಇರುವುದೇ ಸೀಸ. ಅದನ್ನು ಕಾಯಿಸಿದ ಭಟ್ಟಿಯ ಬೂದಿಯಲ್ಲಿ ತಿಕ್ಕಿದ ತಟ್ಟೆಯಲ್ಲಿ ಮಗು ಹುಣಿಸೆಹುಳಿಯ ಸಾರು ಕಲಸಿಕೊಂಡು ತಿನ್ನುತ್ತಿದೆ, ವರ್ಷದಿಂದ ದಿನಕ್ಕೆ ಮೂರು ಹೊತ್ತು. ಅಜ್ಜಿ ಬೂದಿ ಜರಡಿ ಹಿಡಿಯುವಾಗ ಪಕ್ಕದಲ್ಲಿ ಕೂತು ಆಡುತ್ತಿದೆ. ಹೇಗೆ ಹೇಳಲಿ? ನಯವಾಗಿ ಹೇಳುವುದು ನನಗೆ ಬರುವುದಿಲ್ಲ.

“ಅಮ್ಮಾ, ಆ ಬೂದೀಲೇ ಸೀಸ ಇರೋದು ಅನ್ಸುತ್ತೆ ನನಗೆ. ನಾನು ಗೊತ್ತಿಲ್ಲದೆ ಒಳ್ಳೇದು ಅಂದುಬಿಟ್ಟೆ. ನನ್ನ ತಪ್ಪೂ ಇದೆ ಇದರಲ್ಲಿ.”

ಇಂದ್ರಮ್ಮ ನಕ್ಕಳು. ಆಮೇಲೆ ನನ್ನ ಮುಖ ನೋಡಿ ನಗು ನಿಲ್ಲಿಸಿದಳು. ಬಾಗಿಲಲ್ಲಿ ನಿಂತಿದ್ದ ಲೋಹಿತಾ ಹೊಸ್ತಿಲ ಮೇಲೆ ಹಾಗೇ ಕುಸಿದು ಕೂತಳು. ಅಷ್ಟರಲ್ಲಿ ಮಧುಶ್ರೀ ಒಳಗಿನಿಂದ ಕಣ್ಣುಜ್ಜಿಕೊಂಡು ಎದ್ದು ಬಂದು, “ಅಜ್ಜೀ, ನೀರು,” ಎಂದಿತು.

ಇಂದ್ರಮ್ಮನ ಕೈ ಅಭ್ಯಾಸಬಲದಿಂದ ಚಾಪೆಯ ಮೇಲಿನ ಕನ್ನಡಿಯಂಥ ಲೋಟಕ್ಕೆ ಹೋಯಿತು. ಎತ್ತಿದಳು, ನೋಡಿದಳು, ಕೆಳಗಿಟ್ಟಳು. ತಂಬಿಗೆಗೆ ಕೈ ಹೋಯಿತು, ಅಲ್ಲಿಂದಲೂ ಹಿಂದಕ್ಕೆ ಬಂತು. ಇಡೀ ಮನೆಯ ಪಾತ್ರೆಗಳೆಲ್ಲ ಅವಳ ಮುಂದೆಯೇ ಹರಡಿಕೊಂಡಿದ್ದವು, ಎಲ್ಲವೂ ಅವಳೇ ನಿಂತು ಬೆಳಗಿಸಿದ್ದು.

“ಅಜ್ಜೀ, ನೀರೂ...”

ಆ ಬೂದಿ ತಾಗದ ಪಾತ್ರೆ ಆ ಮನೆಯಲ್ಲಿ ಒಂದೇ ಒಂದಿತ್ತು.

ಇಂದ್ರಮ್ಮ ನನ್ನ ಲೋಟವನ್ನು ನೋಡಿದಳು. ನನ್ನನ್ನು ನೋಡಲಿಲ್ಲ. ನಾನೂ ತುಟಿ ಬಿಚ್ಚಲಿಲ್ಲ. ನನ್ನ ಸ್ವಭಾವ ಬಲ್ಲವರು ಇದನ್ನು ನಂಬುವುದಿಲ್ಲ. ಅವಳು ಬಗ್ಗಿ ಆ ಮಂಕು ಲೋಟವನ್ನು ಎತ್ತಿಕೊಂಡು ಬೀದಿ ನಲ್ಲಿಗೆ ತಾನೇ ಹೋಗಿ, ನೀರು ಹಿಡಿದು ತಂದು, ಮೊಮ್ಮಗಳ ಬಾಯಿಗೆ ಹಿಡಿದಳು. ಮಗು ಗಟಗಟನೆ ಕುಡಿಯಿತು. ನನಗೆ ಖುಷಿಯಾಯಿತು, ಮಗು ಅಷ್ಟು ಬಳಲಿರುವಾಗ ಅಂಥ ಖುಷಿಯಾದದ್ದಕ್ಕೆ ನಾಚಿಕೆಯೂ ಆಯಿತು.

“ಒಳಕ್ಕೆ ಬಾ,” ಎಂದಳು ಆಮೇಲೆ. “ಬಂದು ಎಲ್ಲೆಲ್ಲಿ ಬೂದಿ ಐತೆ ತೋರ್ಸು. ನಂಗೆ ಕಣ್ಣು ಮಂಜಾಗ್ತೈತೆ.”

ಆ ಮನೆಯ ಹೊಸ್ತಿಲನ್ನು ನಾನು ಮೊದಲ ಸಲ ದಾಟಿದ್ದು ಹಾಗೆ. ನಡುಮನೆ ದಾಟಿದೆ, ಅಡುಗೆಮನೆ ದಾಟಿದೆ, ಹಿತ್ತಿಲ ಪಾತ್ರೆ ತೊಳೆಯುವ ಕಲ್ಲಿನ ಹತ್ತಿರ ಹೋಗಿ ನಿಂತೆ. ಡಬ್ಬದಲ್ಲಿ, ಕಲ್ಲಿನ ಸಂದಿಯಲ್ಲಿ, ಬಸಳೆ ಬಳ್ಳಿಯ ಬುಡದಲ್ಲಿ ಎಲ್ಲ ಕಡೆಯೂ ಬೂದುಬಣ್ಣದ ನುಣುಪು ಪುಡಿ. ಮೊದಲ ದಿನವೇ ಇಲ್ಲಿಗೆ ಬಿಟ್ಟಿದ್ದರೆ ಆ ದಿನವೇ ಸಿಗುತ್ತಿತ್ತು. ಇದನ್ನು ಮಾತ್ರ ನಾನು ಬಾಯಿಬಿಟ್ಟು ಹೇಳಿದೆ, ಅಷ್ಟು ಹೇಳುವ ಹಕ್ಕು ನನಗಿತ್ತು. ಇಂದ್ರಮ್ಮ ಹೂಂ ಎಂದಳು, ತಲೆ ಎತ್ತಲಿಲ್ಲ.

ಲ್ಯಾಬಿನ ಉತ್ತರ ನಾಲ್ಕೇ ದಿನದಲ್ಲಿ ಬಂತು. ಬೂದಿಯ ತುಂಬ ಸೀಸ. ಡಾಕ್ಟರ್ ಮೇಜು ಗುದ್ದಿ, “ಸಿಕ್ತು!” ಎಂದು ಕೂಗಿದರು. ಅವರು ಹಾಗೆ ಕೂಗಿದ್ದನ್ನು ನಾನು ನೋಡಿಯೇ ಇರಲಿಲ್ಲ.

ಉತ್ತರ ಬರುವ ತನಕ ಇಂದ್ರಮ್ಮ ಕಾದಿರಲಿಲ್ಲ. ಮಾರನೆಯ ಬೆಳಿಗ್ಗೆಯೇ ಸೆರಗು ಸಿಕ್ಕಿಸಿಕೊಂಡು ಬೀದಿಗೆ ಇಳಿದಿದ್ದಳು. ನಾನು ಹೇಳಿಕೊಟ್ಟ ಹಾಗೆ ಮೂಗಿಗೆ ಬಟ್ಟೆ, ಕೈಗೆ ಪ್ಲಾಸ್ಟಿಕ್ ಚೀಲ. ಬೂದಿಯನ್ನು ಒಣಗಿದ್ದಾಗ ಗುಡಿಸಬಾರದು, ನೀರು ಚಿಮುಕಿಸಿ ಒದ್ದೆ ಮಾಡಿ ಎತ್ತಬೇಕು, ಎರಡೆರಡು ಚೀಲದಲ್ಲಿ ಕಟ್ಟಬೇಕು. ಪಾತ್ರೆಗಳನ್ನು ಸೋಪಿನಲ್ಲಿ ಮೂರು ಮೂರು ಸಲ ತೊಳೆಯಬೇಕು, ಬಸಳೆ ಕಿತ್ತು ಹಾಕಬೇಕು, ನೆಲ ಒದ್ದೆ ಬಟ್ಟೆಯಲ್ಲಿ ಒರೆಸಬೇಕು. ಚಿತ್ರಪಟ ತೋರಿಸಿ ನಾನು ಮೂರು ತಿಂಗಳು ಬಡಿದುಕೊಂಡರೂ ತೂಕಡಿಸುತ್ತಿದ್ದ ಬೀದಿ, ಇಂದ್ರಮ್ಮ ಒಂದು ಕೂಗು ಹಾಕಿದ್ದಕ್ಕೆ ಎದ್ದು ನಿಂತಿತು.

“ಈಶ್ವರಮ್ಮ, ನಾನು ಕೊಟ್ಟ ಬೂದಿ ತತ್ತಾರೆ ಇತ್ಲಾಗೆ!”

“ಯಾಕಕ್ಕಾ, ತೀರೋಯ್ತಾ ನಿಂದು?” ಎಂದಳು ಎದುರುಮನೆಯ ಈಶ್ವರಮ್ಮ.

“ಅದ್ರಲ್ಲಿ ವಿಷ ಐತೆ ಕಣೆ. ವಿಷ ಹಂಚಿದೀನಿ ನಾನು ನಿಮ್ಗೆಲ್ಲ.”

ಅಷ್ಟು ನೇರವಾಗಿ ಹೇಳಿಬಿಟ್ಟಳು. ತಮ್ಮನ ಮೇಲಾಗಲಿ ಅಪ್ಪಣೆ ಕೊಟ್ಟ ನನ್ನ ಮೇಲಾಗಲಿ ಹಾಕಬಹುದಿತ್ತು, ಹಾಕಲಿಲ್ಲ. ಹನ್ನೊಂದು ಮನೆಯಲ್ಲೂ ಹೊಸ್ತಿಲ ಹೊರಗೆ ನಿಂತು ಅದೇ ಮಾತು ಹೇಳಿದಳು, ನನ್ನನ್ನು ಕೈ ಹಿಡಿದು ಒಳಗೆ ಕರೆದುಕೊಂಡು ಹೋದಳು. ಒಬ್ಬ ಮುದುಕಿ ನನ್ನನ್ನು ನೋಡಿ “ಅಡಿಗೆಮನೆಗಾ?” ಎಂದು ಎಳೆದದ್ದಕ್ಕೆ, “ಹೂಂ, ಅಡಿಗೆಮನೆಗೇ. ಹೊರಗೆ ನಿಲ್ಲಿಸಿ ನನಗಾಗಿರೋದು ಸಾಕು,” ಎಂದು ಅವಳೇ ಬಾಗಿಲು ತಳ್ಳಿದಳು. ಆ ಕ್ಷಣಕ್ಕೆ ನನ್ನ ಬಾಕಿ ಜಗಳದಲ್ಲಿ ಅರ್ಧದಷ್ಟು ತೀರಿಹೋಯಿತು.

ನೆಂಟರ ಮನೆಗಳಿಗೂ ಬೂದಿ ಹೋಗಿತ್ತು. ಕೊರಟಗೆರೆಗೆ ಒಂದು ಡಬ್ಬ, ಶಿರಾಕ್ಕೆ ಎರಡು, ಪಾವಗಡದ ಓರಗಿತ್ತಿಗೆ ಅರ್ಧ ಮೂಟೆ. ಇಂದ್ರಮ್ಮ ಸ್ಪೀಕರ್ ಹಾಕಿಕೊಂಡು ಒಬ್ಬೊಬ್ಬರಿಗೂ ಫೋನ್ ಮಾಡಿದಳು. ಪಾವಗಡದ ಓರಗಿತ್ತಿ ತನ್ನ ತೆಲುಗು ಬೆರೆತ ಕನ್ನಡದಲ್ಲಿ, “ಬೂಡಿದಲೋ ವಿಷಮಾ? ಏನ್ ತಮಾಷೆ ಅಕ್ಕಾ ನಿಂದು!” ಎಂದು ನಕ್ಕಳು. “ನಗಬೇಡ್ವೆ, ನಿನ್ನ ಮೊಮ್ಮಕ್ಳ ರಕ್ತ ತೆಗೆಸು ಮೊದ್ಲು,” ಎಂದು ಇಂದ್ರಮ್ಮ ಬೈದಳು.

ಇನ್ನು ಉಳಿದದ್ದು ಭಟ್ಟಿ. ಮಾಲಿನ್ಯ ಇಲಾಖೆಗೆ ಡಾಕ್ಟರ್ ಪತ್ರ ಬರೆದಿದ್ದರು. ಅವರು ಬರುವ ತನಕ ಸುಮ್ಮನಿರೋಣ ಎಂದೆ. ಇಂದ್ರಮ್ಮ ಕಿವಿಗೆ ಹಾಕಿಕೊಳ್ಳಲಿಲ್ಲ, ನನ್ನ ಸ್ಕೂಟರ್ ಹಿಂದೆ ಹತ್ತಿ ಕೂತಳು. ತಿಂಗಳುಗಟ್ಟಲೆ ನನ್ನ ನೆರಳು ತಾಗದಂತೆ ಕೂತಿದ್ದವಳು ಕೊರಟಗೆರೆ ರಸ್ತೆಯ ಗುಂಡಿಗಳಿಗೆ ನನ್ನ ಸೊಂಟ ಗಟ್ಟಿಯಾಗಿ ಹಿಡಿದುಕೊಂಡಿದ್ದಳು.

ಗೌರೀಶ್ ಶೆಡ್ಡಿನ ಮುಂದೆ ನಿಂತಿದ್ದ. ನಲವತ್ತರ ಆಸುಪಾಸು, ಮೈ ಇಳಿದುಹೋಗಿತ್ತು. ವಿಷಯ ಕೇಳುತ್ತಲೇ ಕೆರಳಿದ.

“ನಾನೇನ್ ಪಾತ್ರೆ ತೊಳೀರಿ ಅಂದ್ನೇನಕ್ಕಾ? ನೀನೇ ತಾನೆ ಕೇಳಿ ಕೇಳಿ ಇಸ್ಕಂಡೋಗಿದ್ದು?”

“ಹೂಂ ಕಣ್ಲಾ, ನಾನೇ. ಅದಕ್ಕೇ ನಾನೇ ಬಂದಿದೀನಿ. ಭಟ್ಟಿ ಆರಿಸು.”

“ಆರ್ಸಿ ಏನ್ ಮಾಡ್ಲಿ? ನನಗೇನೂ ಆಗಿಲ್ವಲ್ಲ? ಆರು ವರ್ಷದಿಂದ ಇಲ್ಲೇ ಹೊಗೆ ಕುಡೀತಿದೀನಿ, ಗುಂಡುಕಲ್ಲಂಗಿದೀನಿ.”

ನನಗೆ ತಡೆಯಲಾಗಲಿಲ್ಲ. “ಬಾಯಿ ತೆಗೀರಿ ನೋಡೋಣ,” ಎಂದೆ. ನರ್ಸು ಬಾಯಿ ತೆಗಿ ಎಂದರೆ ಎಂಥವರೂ ತೆಗೆಯುತ್ತಾರೆ, ಅವನೂ ತೆಗೆದ. ಒಸಡಿನ ಅಂಚಿನಲ್ಲಿ ನೀಲಿ ಬೆರೆತ ಕಪ್ಪು ಗೆರೆ, ಪೆನ್ಸಿಲಿನಲ್ಲಿ ಎಳೆದ ಹಾಗೆ. ಅವನ ತೋಳು ಹಿಡಿದು ಸ್ಕೂಟರ್ ಕನ್ನಡಿಯ ಮುಂದೆ ಬಗ್ಗಿಸಿದೆ. “ಇದು ಏನು ಗೊತ್ತಾ? ನೀವು ಕಾಯಿಸೋ ಸೀಸ ನಿಮ್ಮ ಒಸಡಲ್ಲಿ ಬಂದು ಕೂತಿರೋದು. ಹೊಟ್ಟೆ ನುಲಿಯೋದು, ಮಣಿಕಟ್ಟು ಸೋಲೋದು ಇದೆಯೋ ಇಲ್ವೋ ನಿಜ ಹೇಳಿ.”

ಅವನು ಕನ್ನಡಿಯಿಂದ ಕಣ್ಣು ತೆಗೆಯಲಿಲ್ಲ. “ಲೋಟ ಎತ್ತಕ್ಕಾಗಲ್ಲ ಕೆಲವು ದಿನ,” ಎಂದ. ಇಂದ್ರಮ್ಮ ಅವನ ಬೆನ್ನಿಗೊಂದು ಗುದ್ದಿ, ಆ ಕೈಯಲ್ಲೇ ಅವನನ್ನು ಅಪ್ಪಿಕೊಂಡು ಅತ್ತಳು. “ಲೇ ಗೌರೀಶ, ನಿನ್ನ ಎತ್ತಿ ಆಡ್ಸಿದೋಳು ನಾನು. ಆರ್ಸೋ.”

ಅವತ್ತೇ ಭಟ್ಟಿ ಆರಿತು. ಇಲಾಖೆಯವರು ಬಂದು ಶೆಡ್ಡಿಗೆ ಬೀಗ ಹಾಕಿದರು, ಹಳ್ಳದ ಮಣ್ಣನ್ನೂ ನಾವು ಕಟ್ಟಿಟ್ಟ ಚೀಲಗಳನ್ನೂ ಲಾರಿಯಲ್ಲಿ ಸಾಗಿಸಿದರು. ಗೌರೀಶ್ ಈಗ ಅಂಗಡಿ ಮಾತ್ರ ನಡೆಸುತ್ತಾನೆ, ಹಳೆಯ ಬ್ಯಾಟರಿಗಳನ್ನು ಪರವಾನಗಿ ಇದ್ದವರಿಗೆ ಕೊಡುತ್ತಾನೆ. ಮೂರು ತಿಂಗಳಿಗೊಮ್ಮೆ ರಕ್ತ ಕೊಡಲು ಬರುತ್ತಾನೆ, ಸೂಜಿ ಕಂಡರೆ ಮಗುವಿಗಿಂತ ಜೋರಾಗಿ ಕಿರುಚುತ್ತಾನೆ.

ದಸರಾ ಮುಗಿದ ಮೇಲೆ ಸಮುದಾಯ ಭವನದಲ್ಲಿ ಇಡೀ ವಾರ್ಡಿನ ಸಭೆ ಕರೆದೆವು. ನಾನು ಚಿತ್ರಪಟ ಬಿಚ್ಚುವ ಹೊತ್ತಿಗೆ ಹಿಂದಿನ ಸಾಲಿನವರು ಮೊಬೈಲ್ ತೆಗೆದಿದ್ದರು. ಇಂದ್ರಮ್ಮ ಎದ್ದು ಬಂದು ನನ್ನನ್ನು ಪಕ್ಕಕ್ಕೆ ಸರಿಸಿದಳು. “ಆ ಪಟ ಮಡಚಮ್ಮ, ನಾನೇ ಹೇಳ್ತೀನಿ,” ಎಂದು ಮೈಕು ಹಿಡಿದಳು. ಬೂದಿ ತರಿಸಿದ್ದು, ಜರಡಿ ಹಿಡಿದದ್ದು, ಹಂಚಿದ್ದು, ಬೀದಿಯ ಹನ್ನೊಂದು ಮನೆಗಳಲ್ಲಿ ಒಂಬತ್ತು ಮಕ್ಕಳ ರಕ್ತದಲ್ಲಿ ಸೀಸ ಸಿಕ್ಕಿದ್ದು, ಒಂದನ್ನೂ ಮುಚ್ಚಿಡಲಿಲ್ಲ. ಕೊನೆಗೆ, “ಪಾತ್ರೆ ಹೊಳೀತೈತೆ ಅಂತ ನಾನು ನೋಡ್ದೆ, ಯಾತಕ್ಕೆ ಹೊಳೀತೈತೆ ಅಂತ ಕೇಳ್ಲಿಲ್ಲ. ನೀವು ಕೇಳಿ. ನಿಮ್ಮ ಮನೆ ಸುತ್ತ ಏನ್ ಸುಡ್ತಾರೆ, ಏನ್ ಸುರೀತಾರೆ, ಬಿಟ್ಟಿ ಸಿಗೋದು ಎಲ್ಲಿಂದ ಬರ್ತೈತೆ, ಎಲ್ಲ ಕೇಳಿ. ನರ್ಸಮ್ಮ ಬಂದ್ರೆ ಹಿತ್ಲುತಂಕ ಕರ್ಕಂಡೋಗಿ,” ಎಂದಳು.

ಆಮೇಲೆ ಸಭೆಯ ತುಂಬ ಕೈಗಳು ಎದ್ದವು. ಒಬ್ಬಳು ತಮ್ಮ ಮನೆ ಹಿಂದೆ ವೈರು ಸುಡುತ್ತಾರೆ ಎಂದಳು. ಇನ್ನೊಬ್ಬಳು ಕೀಟನಾಶಕದ ಡಬ್ಬಿಯಲ್ಲಿ ಕುಡಿಯುವ ನೀರು ತುಂಬುತ್ತೇವೆ ಎಂದು ತಲೆ ತಗ್ಗಿಸಿಕೊಂಡು ಹೇಳಿದಳು. ಬರೆದುಕೊಂಡು ಬರೆದುಕೊಂಡು ನನ್ನ ಕೈ ಸೋತಿತು. ನಲವತ್ತು ಪ್ರಶ್ನೆಗಳ ಆ ಫಾರಂ ಅವತ್ತು ಮೂಲೆಯಲ್ಲಿ ಬಿದ್ದಿತ್ತು, ಅದನ್ನು ಎತ್ತಿಕೊಳ್ಳುವುದನ್ನೂ ಮರೆತು ಮನೆಗೆ ಬಂದೆ. ಇಷ್ಟು ವರ್ಷದ ನೌಕರಿಯಲ್ಲಿ ನನ್ನ ಕೆಲಸದ ಬಗ್ಗೆ ನನಗೆ ಅಷ್ಟು ಹೆಮ್ಮೆಯಾದ ದಿನ ಇನ್ನೊಂದಿಲ್ಲ.

ಮಗುವಿನ ಸಂಖ್ಯೆ ಒಂದೇ ಸಲ ಇಳಿಯಲಿಲ್ಲ. ನಲವತ್ತೊಂದು ಮೂವತ್ತಾಯಿತು, ಸಂಕ್ರಾಂತಿಯ ಹೊತ್ತಿಗೆ ಹದಿನೇಳು. ಕಬ್ಬಿಣಾಂಶದ ಟಾನಿಕ್ಕು, ಹಾಲು, ರಾಗಿ, ನುಗ್ಗೆಸೊಪ್ಪು ಎಂದು ಲೋಹಿತಾ ಒಂದು ಹೊತ್ತೂ ತಪ್ಪಿಸಲಿಲ್ಲ, ತವರಿಗೂ ಹೋಗಲಿಲ್ಲ. ಈ ವರ್ಷ ಯುಗಾದಿ ಕಳೆದ ಮೇಲೆ ಬಂದ ವರದಿ ಹಿಡಿದುಕೊಂಡು ನಾನು ಗಾಣದ ಬೀದಿಗೆ ಓಡಿದೆ. ಓಡಿದೆ ಎಂದರೆ ನಿಜವಾಗಿ ಓಡಿದೆ, ಸ್ಕೂಟರ್ ಕೇಂದ್ರದ ಮುಂದೆಯೇ ಉಳಿದಿತ್ತು.

“ಒಂಬತ್ತು!” ಎಂದು ಬೀದಿಯ ತುದಿಯಿಂದಲೇ ಕೂಗಿದೆ. “ಇಂದ್ರಮ್ಮೋರೇ, ಒಂಬತ್ತಕ್ಕೆ ಇಳೀತು!”

ಮನೆಮನೆಯಿಂದ ಹೆಂಗಸರು ಹೊರಗೆ ಬಂದರು. ರೇಣುಕಯ್ಯನವರು ಅಂಗಡಿ ಬಿಟ್ಟು ಬಂದು, ಎಲ್ಲರ ಎದುರಿಗೆ ಕಣ್ಣೊರೆಸಿಕೊಂಡರು. ಐದರ ಒಳಗೆ ಬರಬೇಕು, ಇನ್ನೂ ದಾರಿ ಇದೆ ಎಂದು ನಾನು ಹೇಳುತ್ತಲೇ ಇದ್ದೆ, ಯಾರೂ ಕೇಳಿಸಿಕೊಳ್ಳಲಿಲ್ಲ. ಇಂದ್ರಮ್ಮ ನನ್ನ ಎರಡೂ ಕೆನ್ನೆ ಹಿಡಿದು ನಟಿಕೆ ಮುರಿದಳು, ಒಳಗೆ ಎಳೆದುಕೊಂಡು ಹೋಗಿ ನಡುಮನೆಯಲ್ಲಿ ಕೂರಿಸಿದಳು.

ಓಡಿ ಬಂದದ್ದಕ್ಕೆ ಗಂಟಲು ಒಣಗಿತ್ತು. ಅಡುಗೆಮನೆಯ ಶೆಲ್ಫಿನಲ್ಲಿ, ಉಳಿದ ಲೋಟಗಳ ಸಾಲಿನಲ್ಲೇ ನನ್ನ ಮಂಕು ಲೋಟ ಕಂಡಿತು. ಎದ್ದು ಹೋಗಿ ಕೈ ಹಾಕಿದೆ. ಎಲ್ಲಿತ್ತೋ, ಮಧುಶ್ರೀ ಬಾಣದ ಹಾಗೆ ಬಂದು ಅದನ್ನು ಕಿತ್ತುಕೊಂಡಿತು. ಲೋಟವನ್ನು ಎದೆಗವಚಿಕೊಂಡು, ಕಣ್ಣು ಕೆಂಪು ಮಾಡಿಕೊಂಡು, ಬೀದಿಗೆಲ್ಲ ಕೇಳುವ ಹಾಗೆ ಕಿರುಚಿತು.

“ಇದು ನಂದು! ನನ್ನ ಲೋಟ! ನೀನು ಬೇರೆ ತಗೋ!”

“ಅಯ್ಯೋ, ಅದು ನರ್ಸಮ್ಮಂದು ಕಣೇ, ಕೊಟ್ಬುಡೆ,” ಎಂದಳು ಲೋಹಿತಾ.

“ಕೊಡಲ್ಲಾ! ಅಜ್ಜಿ ನಂಗೇ ಕೊಟ್ಟಿರೋದು!” ಎಂದು ನೆಲಕ್ಕೆ ಕಾಲು ಅಪ್ಪಳಿಸಿತು. ಒಂದು ವರ್ಷದ ಹಿಂದೆ ಅಮ್ಮನ ತೊಡೆಯಿಂದ ತಲೆ ಎತ್ತಲಾರದೆ ಇದ್ದ ಮಗು ನನ್ನ ಜೊತೆ ಕಾಲು ಕೆರೆದು ಜಗಳಕ್ಕೆ ನಿಂತಿತ್ತು. ಇಂದ್ರಮ್ಮನೂ ನಾನೂ ಒಬ್ಬರ ಮುಖ ಒಬ್ಬರು ನೋಡಿಕೊಂಡೆವು. ಅವಳ ಕಣ್ಣು ತುಂಬಿ ಬಂತು, ನನ್ನದೂ.

ಅವಳು ಶೆಲ್ಫಿನಿಂದ ತನ್ನ ಕಾಫಿ ಲೋಟ ತೆಗೆದು, ನೀರು ತುಂಬಿ ನನ್ನ ಕೈಗೆ ಕೊಟ್ಟಳು. ನಾನು ಲೋಟಕ್ಕೆ ತುಟಿ ಹಚ್ಚಿ ಕುಡಿದೆ. ಬಾಕಿ ಇಟ್ಟಿದ್ದ ಜಗಳದಲ್ಲಿ ನಾನು ಒಂದು ಲೋಟ ಸೋತಿದ್ದೆ, ಅಷ್ಟು ಸಂತೋಷದಿಂದ ನಾನು ಯಾವ ಜಗಳವನ್ನೂ ಸೋತದ್ದಿಲ್ಲ.